ನಡುವೋಣಿ ಯಾವ ದಂಡೆಗೆ

ನಮ್ಮ ಊರಿನ ಹೊಳೆ ಮೊದಲ ದೊಡ್ಡ ಮಳೆಗೆ ತನ್ನ ಜಾಗ ಬದಲಿಸುತ್ತಿತ್ತು. ಪ್ರತಿವರ್ಷ ಅಂತಲ್ಲ. ಕೆಲವು ಸಲ ಮೂರ್ನಾಲ್ಕು ವರ್ಷ ಒಂದೇ ಕಡೆ ಸುಮ್ಮನೆ ಹರಿದುಕೊಂಡಿರುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ನಿನ್ನೆ ಓಣಿಯ ಮುಂದಿದ್ದ ನೀರು ಇವತ್ತು ಹಿತ್ತಲಿನ ಆಚೆ ಇರುತ್ತಿತ್ತು. ಒಂದು ಮನೆ ಬಿದ್ದದ್ದಿಲ್ಲ, ಒಂದು ಕರು ಕೊಚ್ಚಿಹೋದದ್ದಿಲ್ಲ. ಊರಿನ ಉಳಿದವರ ದಂಡೆ ಇದರಿಂದ ಬದಲಾಗುತ್ತಿರಲಿಲ್ಲ. ಮೂಡಲ ದಂಡೆಯವರು ಮೂಡಲದವರಾಗಿಯೇ ಇರುತ್ತಿದ್ದರು, ಪಡುವಲದವರು ಪಡುವಲದವರಾಗಿಯೇ. ನಡುವೆ ಸಿಕ್ಕವರು ನಾವು, ನಡುವೋಣಿಯವರು. ಹೊಳೆ ನಮ್ಮ ಪಡುವಣಕ್ಕೆ ಹರಿದ ವರ್ಷ ನಾವು ಮೂಡಲ ದಂಡೆಗೆ ಸೇರುತ್ತಿದ್ದೆವು, ಮೂಡಣಕ್ಕೆ ಹರಿದ ವರ್ಷ ಪಡುವಲ ದಂಡೆಗೆ.

ಎರಡು ದಂಡೆಗಳ ಕಾರಭಾರ ಬೇರೆ ಬೇರೆ. ಮೂಡಲದಲ್ಲಿ ಯಾವ ಮಾತಿದ್ದರೂ ಕೈ ಎತ್ತಿಸಿ ಎಣಿಸುತ್ತಾರೆ. ಹೆಚ್ಚು ಕೈ ಯಾವ ಕಡೆಗೋ ತೀರ್ಮಾನ ಆ ಕಡೆಗೆ, ಸಂಜೆಯೊಳಗೆ ಕೆಲಸ ಶುರು, ಸೋತವರು ಗೊಣಗುತ್ತ ಮನೆಗೆ. ಪಡುವಲದಲ್ಲಿ ಕೈ ಎತ್ತುವುದೆಂದರೆ ಹೊಡೆಯಲು ಬಂದಂತೆ. ಅಲ್ಲಿ ಎಲ್ಲರೂ ಬೇವಿನ ಮರದ ಕೆಳಗೆ ಬಂದು ಕೂಡಬೇಕು, ಕಟ್ಟಕಡೆಯವನೂ ‘ಆಗಲಿ’ ಅನ್ನುವ ತನಕ ಮಾತಾಡಬೇಕು. ಒಬ್ಬ ‘ಒಲ್ಲೆ’ ಅಂದರೆ ಮುಗಿಯಿತು, ಕೆಲಸ ನಿಂತಿತು. ಆದರೆ ಎಲ್ಲರೂ ಒಪ್ಪಿದ ಕೆಲಸಕ್ಕೆ ಅಲ್ಲಿ ಆಳು ಕರೆಯಬೇಕಾಗುತ್ತಿರಲಿಲ್ಲ. ಕರೆಯುವ ಮೊದಲೇ ಜನ ಸಲಿಕೆ ಹಿಡಿದು ಬಂದಿರುತ್ತಿದ್ದರು. ನಡುವೋಣಿಯವರಿಗೆ ಎರಡೂ ರೂಢಿ. ನಮ್ಮ ಮಕ್ಕಳು ಲಗೋರಿ ಆಡುವಾಗಲೂ ಆ ವರ್ಷದ ಕಾರಭಾರದಂತೆಯೇ ಗುಂಪು ಕಟ್ಟುತ್ತಿದ್ದವು. ಮೂಡಲ ವರ್ಷದಲ್ಲಿ ಆಟ ಬೇಗ ಶುರುವಾಗಿ ಜಗಳದಲ್ಲಿ ಮುಗಿಯುತ್ತಿತ್ತು. ಪಡುವಲ ವರ್ಷದಲ್ಲಿ ಹೊತ್ತು ಮುಳುಗಿದರೂ ಶುರುವಾಗುತ್ತಿರಲಿಲ್ಲ, ಜಗಳವೂ ಆಗುತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಮೂಡಲದಲ್ಲಿ. ನಡುವೋಣಿಯ ಸೈಕಲ್ ರಿಪೇರಿ ಅಂಗಡಿಯ ಅಡಿವೆಪ್ಪನವರಿಗೆ ನನ್ನನ್ನು ಕೊಟ್ಟರು. ಮನೆಯ ಮುಂಭಾಗದಲ್ಲಿ ನನ್ನ ಅತ್ತೆ ನೀಲಗಂಗವ್ವನವರ ಖಾನಾವಳಿ ಇತ್ತು. ಜೋಳದ ರೊಟ್ಟಿ, ಒಂದು ಪಲ್ಯ, ಒಂದು ಕಾಳು, ಸಾರು, ಶೇಂಗಾ ಹಿಂಡಿ. ಹೊಳೆ ಯಾವ ಕಡೆ ಹರಿದರೂ ಇದರಲ್ಲಿ ಬದಲಿರಲಿಲ್ಲ. ಅತ್ತೆ ಪಡುವಲದ ಮಗಳು. ಓಣಿಯಲ್ಲಿ ಯಾವ ಕಾರಭಾರವಿದ್ದರೂ ಮನೆಯೊಳಗೆ ಮಾತ್ರ ಅವರದು ಯಾವಾಗಲೂ ಪಡುವಲದ ರೀತಿ. ಗೋಡೆಗೆ ಯಾವ ಬಣ್ಣ ಬಳಿಸಬೇಕು ಅನ್ನುವುದಕ್ಕೂ ಎಲ್ಲರನ್ನೂ ಕೂಡಿಸುತ್ತಿದ್ದರು. ಎಲ್ಲರೂ ಅಂದರೆ ಎಲ್ಲರೂ. ನನ್ನ ಮಗಳು ಆಗ ಯಾವುದಕ್ಕೂ ಒಲ್ಲೆ ಅನ್ನುವ ವಯಸ್ಸಿನಲ್ಲಿದ್ದಳು. ಹಾಗಾಗಿ ದಸರೆಗೆ ಬಳಿಸಬೇಕಾದ ಬಣ್ಣ ದೀಪಾವಳಿ ಕಳೆದರೂ ಡಬ್ಬಿಯಲ್ಲೇ ಉಳಿಯಿತು. ನನಗೆ ತಲೆ ಕೆಟ್ಟುಹೋಗಿ ಗಂಡನಿಗೆ, “ಕೈ ಎತ್ರಿ,” ಅಂದೆ. ಇಬ್ಬರೂ ಎತ್ತಿದೆವು. ಅತ್ತೆ ನಮ್ಮಿಬ್ಬರ ಕೈಗಳನ್ನು ಒಂದು ಗಳಿಗೆ ನೋಡಿ, “ಹಸರ ಆಗಲಿ ಹಂಗಾದ್ರ,” ಅಂದು ಒಳಗೆ ಹೋದರು. ಆಮೇಲೆ ಯಾರಾದರೂ ಗೋಡೆ ಚಂದ ಕಾಣುತ್ತದೆ ಅಂದರೆ, “ಅದು ನನ್ನ ಸೊಸಿ ಗ್ವಾಡಿ,” ಅನ್ನುತ್ತಿದ್ದರು. ಅದರಲ್ಲಿ ಸಿಟ್ಟಿರಲಿಲ್ಲ. ಆದರೆ ಗೋಡೆ ಅವರದಾಗಿಯೂ ಉಳಿಯಲಿಲ್ಲ. ಅದು ನನಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು.

ಹೊಳೆ ಜಾಗ ಬದಲಿಸಿದಾಗಲೆಲ್ಲ ಎರಡೂ ದಂಡೆಯ ಒಂದಷ್ಟು ಹೊಲ ನೀರುಪಾಲಾಗುತ್ತಿತ್ತು. ಸಾಕಾಗಿಹೋಗಿ, ಎಂದೂ ಒಂದು ಮಾತಿಗೆ ಬಾರದ ಎರಡು ದಂಡೆಯವರು ಒಂದು ಬೇಸಿಗೆಯಲ್ಲಿ ಒಂದು ಮಾತಿಗೆ ಬಂದರು. ಕಲ್ಲಿನ ಒಡ್ಡು ಕಟ್ಟಿ ಹೊಳೆಯನ್ನು ಒಂದೇ ಕಡೆ ನಿಲ್ಲಿಸುವುದು. ಮೂಡಲದವರು ಒಂದು ಮಧ್ಯಾಹ್ನ ಕೈ ಎತ್ತಿ ಒಪ್ಪಿದ್ದರು, ಪಡುವಲದವರು ಸುಗ್ಗಿಯಿಂದ ಯುಗಾದಿಯ ತನಕ ಕೂತು ಒಪ್ಪಿದ್ದರು. ಉಳಿದ ಪ್ರಶ್ನೆ ಒಂದೇ. ಒಡ್ಡು ನಡುವೋಣಿಯ ಯಾವ ಮಗ್ಗುಲಿಗೆ? ಅಂದರೆ ನಾವು ಇನ್ನು ಮುಂದೆ ಯಾವ ದಂಡೆಯವರು? ಮೂಡಲದ ಅಧ್ಯಕ್ಷ ರುದ್ರಗೌಡರೂ ಪಡುವಲದ ಹಿರಿಯ ಸಂಗಯ್ಯಜ್ಜನೂ ಇದೊಂದಕ್ಕೆ ಮಾತ್ರ ಬೇಗ ಒಪ್ಪಿದರು. ಓಣಿಯವರೇ ಹೇಳಲಿ ಅಂದರು.

ಹೇಳುವುದು ಹೇಗೆ ಅಂತ ಯಾರೂ ಯೋಚಿಸಿರಲಿಲ್ಲ. ಓಣಿಯಲ್ಲಿ ಮೂಡಲ ಬೇಕೆನ್ನುವವರೇ ಹೆಚ್ಚು. ಚರಂಡಿ, ದೀಪದ ಕಂಬ, ಎರಡೂ ಬಂದದ್ದು ಮೂಡಲ ವರ್ಷಗಳಲ್ಲಿ. ಪಡುವಲ ಬೇಕೆನ್ನುವವರು ಕಡಿಮೆ, ಆದರೆ ಗಟ್ಟಿಯಾಗಿ ನಿಂತಿದ್ದರು. ಕೈ ಎತ್ತಿಸಿದರೆ ಮೂಡಲವೇ ಗೆಲ್ಲುವುದು. ಎಲ್ಲರೂ ಒಪ್ಪುವ ತನಕ ಕೂತರೆ ಯಾರೂ ಒಪ್ಪುವುದಿಲ್ಲ, ಮಳೆಗಾಲ ಬಂದುಬಿಡುತ್ತದೆ. ಆ ವರ್ಷ ನಾವು ಪಡುವಲದಲ್ಲಿದ್ದೆವು. ತೀರ್ಮಾನವಾಗದಿದ್ದರೆ ಹೊಳೆ ಇದ್ದಲ್ಲೇ ಒಡ್ಡು ಬೀಳುತ್ತಿತ್ತು, ನಾವು ಪಡುವಲದಲ್ಲೇ ಉಳಿಯುತ್ತಿದ್ದೆವು. ಹೀಗಾಗಿ ಹೇಗೆ ತೀರ್ಮಾನಿಸಬೇಕು ಅನ್ನುವುದು ಗೊತ್ತಾದರೆ ಏನು ತೀರ್ಮಾನ ಅನ್ನುವುದೂ ಗೊತ್ತಾದಂತೆ. ಇದು ಸಣ್ಣ ಮಕ್ಕಳಿಗೂ ತಿಳಿದಿತ್ತು. ಮೊದಲ ಸಭೆಯಲ್ಲಿ ನನ್ನ ಗಂಡ ಎದ್ದು ನಿಂತು, “ಕೈ ಎಣಸ್ರಿ, ಮುಗೀತು,” ಅಂದರು. ಓಣಿಯ ಮೇಲಿನ ತುದಿಯ ಗುರುಪಾದಪ್ಪನವರು ಕೂತಲ್ಲಿಂದಲೇ, “ನಾವೀಗ ಪಡುವಲದಾಗ ಇದ್ದೀವಿ. ಇಲ್ಲಿ ಕೈ ಎಣಸೂ ಪದ್ಧತಿ ಇಲ್ಲ,” ಅಂದರು. “ಕೈ ಎಣಸೂದಾ ಬ್ಯಾಡಾ ಅಂತ ಕೈ ಎಣಸೋಣು,” ಅಂತ ಒಬ್ಬ ಅಂದ. ಯಾರೂ ನಗಲಿಲ್ಲ.

ಅದುವರೆಗೆ ನಡುವೋಣಿ ಹೀಗೆ ಎರಡಾಗಿ ಒಡೆದದ್ದಿಲ್ಲ. ಹೊಳೆಯೇ ನಮ್ಮ ಪರವಾಗಿ ತೀರ್ಮಾನಿಸುತ್ತಿದ್ದಾಗ ನಮ್ಮಲ್ಲಿ ಜಗಳಕ್ಕೆ ಕಾರಣವಿರಲಿಲ್ಲ. ಈಗ ಖಾನಾವಳಿಗೆ ಮೂಡಲ ಪಕ್ಷದವರು ಮುಂಚೆ ಬಂದು ಉಂಡು ಹೋಗುತ್ತಿದ್ದರು, ಅವರು ಎದ್ದ ಮೇಲೆ ಪಡುವಲ ಪಕ್ಷದವರು. ನಡುವೆ ಸಾಲು ಖಾಲಿ. ಮಾಡಿಟ್ಟ ರೊಟ್ಟಿ ಆರುತ್ತಿದ್ದವು. ಅತ್ತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಮನೆಯೊಳಗೆ ಗಂಡ, “ಅವ್ವಾ, ನೀ ಯಾ ಕಡೆ?” ಅಂತ ಕೇಳಿದರೆ, “ಇನ್ನೂ ಗೊತ್ತಾಗಿಲ್ಲಪಾ,” ಅನ್ನುತ್ತಿದ್ದರು. ಪಡುವಲದ ಮಗಳಿಗೆ ಗೊತ್ತಾಗಿಲ್ಲ ಅಂದರೆ ನನಗೆ ಆಶ್ಚರ್ಯವಾಗುತ್ತಿತ್ತು.

ಒಂದು ಮಧ್ಯಾಹ್ನ ಎರಡೂ ಪಕ್ಷದವರು ಎದ್ದುಹೋದ ಮೇಲೆ ದೋಣಿ ನಡೆಸುವ ದಾವಲಸಾಬಣ್ಣ ಬಂದು ಕೂತರು. ಸ್ವಲ್ಪ ಹೊತ್ತಿಗೆ ನಮ್ಮ ಓಣಿಯ ಕೆಳಗಿನ ಕೇರಿಯ ದುರಗವ್ವ ಬಂದಳು. ಪುಂಡಿನಾರಿನ ಹಗ್ಗ ಹೊಸೆದು ಸಂತೆಯಲ್ಲಿ ಮಾರುವವಳು. ಅತ್ತೆಯ ಖಾನಾವಳಿಯಲ್ಲಿ ಎಲ್ಲರಿಗೂ ಒಂದೇ ಸಾಲು, ಮೊದಲಿನಿಂದಲೂ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಇಬ್ಬರೂ ಈಗ ಬೇರೆ ಬೇರೆ ಪಕ್ಷ. ಅತ್ತೆ ರೊಟ್ಟಿ ಬಡಿಸುತ್ತ, “ದಾವಲಸಾಬಣ್ಣ, ನಿಮಗ ಪಡುವಲ ಯಾಕ ಬೇಕು?” ಅಂದರು.

“ನಿಮಗ ಗೊತ್ತಿಲ್ಲದ್ದೇನೈತ್ರಿ ಅಕ್ಕಾರ. ಆ ಮೂಡಲ ವರ್ಷ ಖಬರಸ್ತಾನದ ಜಾಗದಾಗ ಸಂತಿ ಮಾಳ ಮಾಡೂದಂತ ಕೈ ಎತ್ತಿದ್ರಲ್ಲ. ನಮ್ಮ ಮನಿ ಎಷ್ಟ ಅದಾವು? ಎಷ್ಟ ಕೈ ಅದಾವು? ಕೆಲಸ ಸುರು ಆಗೂದ್ರೊಳಗ ಹೊಳಿ ಜಾಗಾ ಬದಲಿಸ್ತು, ನಾವು ಪಡುವಲಕ್ಕ ಬಂದ್ವಿ, ಪುಣ್ಯಾ. ಪಡುವಲದಾಗ ನಾ ಒಬ್ಬನ ಕುಂತು ಒಲ್ಲೆ ಅಂದೆ. ನಮ್ಮಪ್ಪ ಅಲ್ಲಿ ಮಲಗ್ಯಾನ. ಯಾರೂ ಎರಡನೇ ಮಾತ ಆಡ್ಲಿಲ್ಲ.”

ದುರಗವ್ವ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದಳು. “ನಿಮಗ ಒಲ್ಲೆ ಅನ್ನೂದು ಉಳಸ್ತು ಅಣ್ಣಾ. ನಮ್ಮನ್ನ ಅದ ಒಲ್ಲೆ ಅನ್ನೂದು ಬಾವಿಯಿಂದ ತಿರುಗಿ ಕಳಸ್ತು. ಮೂಡಲ ವರ್ಷದಾಗ ಕೈ ಎತ್ತಿ ಓಣಿ ಬಾವಿಗೆ ನಮ್ಮ ಕೇರಿ ಕೊಡಾನೂ ಬಿಟ್ರು. ಪಡುವಲಕ್ಕ ಬಂದ ವರ್ಷ ಗುರುಪಾದಪ್ಪನವರು ಒಬ್ಬರು ಒಲ್ಲೆ ಅಂದ್ರು. ಒಬ್ಬರ ಅಂದ್ರ ಸಾಕಲ್ಲ ಇಲ್ಲಿ. ಮತ್ತ ನಮ್ಮ ಕೊಡ ಹೊಳಿಗೆ ನಡದ್ವು.” ಆಮೇಲೆ ಅತ್ತೆಯ ಕಡೆ ತಿರುಗಿ, ದನಿ ಏರಿಸದೆ, “ಆವತ್ತ ನೀವೂ ಬೇವಿನ ಗಿಡದ ಬುಡಕ್ಕ ಕುಂತಿದ್ರಿ ಅಕ್ಕಾರ. ಏನೂ ಅನಲಿಲ್ಲ ನೀವು,” ಅಂದಳು.

ಅತ್ತೆಯ ಕೈಯಲ್ಲಿ ಸಾರಿನ ಸೌಟು ಇತ್ತು. ಅದನ್ನು ಪಾತ್ರೆಯಲ್ಲಿಟ್ಟು ಅವರು ದುರಗವ್ವನ ಎದುರಿಗೆ ನೆಲದ ಮೇಲೆ ಕೂತರು. “ಹೌದವಾ, ಸುಮ್ಮನಿದ್ದೆ,” ಅಂದರು. “ಒಬ್ಬ ಒಲ್ಲೆ ಅಂದ ಮ್ಯಾಲ ಮುಗೀತು ಅಂತ ತಿಳದಿದ್ದೆ. ಅವರ ಒಲ್ಲೆಕ್ಕ ನಾ ಒಲ್ಲೆ ಅನ್ನಬಹುದಿತ್ತು. ಅನಲಿಲ್ಲ.” ದುರಗವ್ವ ಉಂಡು ಎದ್ದಳು. ಹೋಗುವಾಗ, “ನಾಳಿನ ಸಭಾಕ್ಕ ಬರ್ತೀನಿ. ಕೈ ಎತ್ತಾಕ,” ಅಂದಳು. ಆ ಸಂಜೆ ಅತ್ತೆ ಬೇಳೆ ಆರಿಸುತ್ತ ಕೂತವರು ಆರಿಸಿದ್ದನ್ನೇ ಮತ್ತೆ ಆರಿಸಿದರು. ನಾನು ಮೊರವನ್ನು ಅವರ ಕೈಯಿಂದ ತೆಗೆದುಕೊಂಡಾಗಲೇ ಅವರಿಗೆ ಗೊತ್ತಾದದ್ದು.

ಮರುದಿನದ ಸಭೆಗೆ ರುದ್ರಗೌಡರೂ ಸಂಗಯ್ಯಜ್ಜನೂ ಬಂದು ಒಂದು ಬದಿಗೆ ಕೂತಿದ್ದರು. ಮಳೆಗಾಲ ಹತ್ತಿರವಾಗುತ್ತಿತ್ತು, ಇಬ್ಬರಿಗೂ ಅವಸರವಿತ್ತು. ಮಾತು ಶುರುವಾಗಿ ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತು. ಎತ್ತುವುದೋ ಕೂಡುವುದೋ. ಆಗ ಅತ್ತೆ ಎದ್ದರು. ಓಣಿಯ ಸಭೆಯಲ್ಲಿ ಅವರು ಮಾತಾಡಿದ್ದನ್ನು ನಾನಂತೂ ಕೇಳಿರಲಿಲ್ಲ.

“ಎತ್ತೂದಾ ಕೂಡೂದಾ ಆಮ್ಯಾಲ ನೋಡೋಣು,” ಅಂದರು. “ಮದಲ ಒಬ್ಬೊಬ್ಬರು ಒಂದ ಮಾತ ಹೇಳ್ರಿ. ಏನು ಬೇಕು ಅಂತ ನಾ ಕೇಳಾಕತ್ತಿಲ್ಲ. ಬೇಕಾದ್ದು ನೂರಾ ಎಂಟ ಇರತಾವು. ಯಾವುದು ಆದ್ರ ಈ ಓಣ್ಯಾಗ ನಿಮಗ ಬಾಳುವೆ ಮಾಡಾಕ ಆಗೂದ ಇಲ್ಲ, ಅದನ್ನಷ್ಟ ಹೇಳ್ರಿ.”

ಜನ ಮೊದಲು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹೇಳತೊಡಗಿದರು. ವಿಚಿತ್ರವೆಂದರೆ, ಅಷ್ಟು ದಿನ ಗಂಟಲು ಹರಿದುಕೊಂಡವರಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ನನ್ನ ಗಂಡ ಎದ್ದು ಚರಂಡಿ, ದೀಪ ಅಂತ ಶುರುಮಾಡಿ, “ಇಲ್ಲದಿದ್ರ ಬದುಕಾಕ ಆಗೂದಿಲ್ಲೇನು?” ಅಂತ ಅವರವ್ವ ಕೇಳಿದಾಗ ತಲೆ ಕೆರೆದುಕೊಂಡು, “ಬದುಕೂದು ಬದುಕಬಹುದು. ಅವು ಬರೂ ಮದಲೂ ಬದುಕಿದ್ವೆಲ್ಲ,” ಅಂತ ಕೂತರು. ಗುರುಪಾದಪ್ಪನವರು ತಮ್ಮ ಮನೆಮುಂದಿನ ಹುಣಸೆ ಮರಕ್ಕೆ ಕೊಡಲಿ ಬೀಳಬಾರದು ಅಂದರು. ಆಮೇಲೆ ತಾವೇ ಯೋಚಿಸಿ, “ಗಿಡ ಹೋದ್ರೂ ಬದುಕತೇನಿ. ಗಿಡದ ಸಲುವಾಗಿ ಜಗಳ ಮಾಡಾಕ ಬಿಡದಿದ್ರ ಬದುಕಾಕ ಆಗೂದಿಲ್ಲ,” ಅಂದರು. ಅಷ್ಟು ದಿನಗಳಲ್ಲಿ ಓಣಿ ಒಟ್ಟಿಗೆ ನಕ್ಕದ್ದು ಆಗಲೇ.

ದಾವಲಸಾಬಣ್ಣ ಎದ್ದು ಖಬರಸ್ತಾನದ ಮಾತು ಹೇಳಿದರು. ಮೂಡಲ ಪಕ್ಷದವರಲ್ಲಿ ಹಿಂದೆ ಅದಕ್ಕೆ ಕೈ ಎತ್ತಿದವರೂ ಇದ್ದರು. ಅವರಲ್ಲೊಬ್ಬ, ಸಂತೆ ಮಾಳ ಬೇರೆಲ್ಲಾದರೂ ಆದೀತು ಅಂದ. ಕೊನೆಗೆ ದುರಗವ್ವ ಎದ್ದಳು. “ಬಾವಿ,” ಅಂದಳು. ಅಷ್ಟೇ. ಎಲ್ಲರೂ ಗುರುಪಾದಪ್ಪನವರ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದರು. ಅತ್ತೆ ಮಾತ್ರ ನೇರ ಅವರನ್ನೇ ನೋಡಿ, “ಮಾವಾರ, ಬಾವಿಗೆ ಎಲ್ಲಾರ ಕೊಡ ಇಳದ್ರ ನಿಮಗ ಬಾಳುವೆ ಮಾಡಾಕ ಆಗೂದಿಲ್ಲೇನ್ರಿ?” ಅಂದರು. “ನೀವು ಒಲ್ಲೆ ಅಂದ್ರ ಈ ಸಲ ನಾ ನಿಮ್ಮ ಒಲ್ಲೆಕ್ಕ ಒಲ್ಲೆ ಅಂತೀನಿ. ಮಳಿಗಾಲ ಬರಲಿ, ಹೊಳಿ ಬರಲಿ, ಇಲ್ಲೇ ಕೂಡ್ತೀನಿ.”

ಗುರುಪಾದಪ್ಪನವರು ಬಹಳ ಹೊತ್ತು ತಮ್ಮ ಕೋಲಿನ ತುದಿಯಿಂದ ಮಣ್ಣು ಕೆದಕಿದರು. ಅವರ ಮುಖದಲ್ಲಿ ಏನೇನು ಬಂದುಹೋಯಿತೋ ನಾನು ಹೇಳಲಾರೆ. ಕೊನೆಗೆ, ಯಾರಿಗೋ ಅಲ್ಲ, ಕೋಲಿಗೇ ಹೇಳುವಂತೆ, “ಮೂಡಲ ವರ್ಷದಾಗ ಅದ ನೀರ ನಾನೂ ಕುಡದೇನಿ,” ಅಂದರು. “ಸತ್ತೇನೂ ಇಲ್ಲ.” ಕೋಲನ್ನು ಮಡಿಲಲ್ಲಿಟ್ಟುಕೊಂಡು, “ಆಗಲಿ,” ಅಂದರು. ದುರಗವ್ವ ಅವರ ಕಡೆ ನೋಡಲಿಲ್ಲ. ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡು ಕೂತಳು, ಕೂತ ಮೇಲೆ ಎರಡೂ ಕೈಗಳಿಂದ ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡಳು.

ಉಳಿದದ್ದು ಸಲೀಸಾಯಿತು. ಬಾವಿ ಮತ್ತು ಖಬರಸ್ತಾನ, ಈ ಎರಡರ ಮೇಲೆ ಯಾವ ಕಾಲಕ್ಕೂ ಯಾರೂ ಕೈ ಎತ್ತಬಾರದು, ಪರವಾಗಿಯೂ ಇಲ್ಲ ವಿರುದ್ಧವಾಗಿಯೂ ಇಲ್ಲ. ಉಳಿದೆಲ್ಲಕ್ಕೂ ಕೈ ಎಣಿಸುವುದು. ಅಷ್ಟಾದರೆ ನಡುವೋಣಿ ಮೂಡಲಕ್ಕೆ ಸೇರಲಿ. ಒಬ್ಬೊಬ್ಬರಾಗಿ ಎಲ್ಲರೂ ‘ಆಗಲಿ’ ಅಂದರು. ಕೈ ಎಣಿಸುವ ದಂಡೆಗೆ ನಾವು ಹೋದದ್ದು ಒಂದೂ ಕೈ ಎತ್ತದೆ, ಪಡುವಲದ ರೀತಿಯಲ್ಲೇ. ಸಂಗಯ್ಯಜ್ಜನಿಗೆ ಓಣಿ ತಪ್ಪಿಹೋದದ್ದಕ್ಕೆ ಬೇಸರವಿತ್ತು, ಆದರೆ ತಪ್ಪಿಹೋದ ರೀತಿಗೆ ಅವನು ತಲೆದೂಗುತ್ತಿದ್ದ.

ರುದ್ರಗೌಡರು ಮಾತ್ರ ಒಪ್ಪಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ, ಲೆಕ್ಕದ ಮನುಷ್ಯರು. “ತಂಗೀ, ನಮ್ಮ ದಂಡಿಯೊಳಗ ಕೈಗಿಂತ ದೊಡ್ಡದು ಯಾವುದೂ ಇಲ್ಲ,” ಅಂದರು. “ಇವತ್ತಿನವರು ಕುಂತು ನಾಳಿನವರ ಕೈ ಕಟ್ಟಿ ಹಾಕೂದು ಯಾವ ನ್ಯಾಯ? ನಾಳೆ ನಿನ್ನ ಮೊಮ್ಮಕ್ಕಳು ಕೇಳ್ತಾರ, ನಮ್ಮನ್ನ ಕೇಳದ ಯಾಕ ಕಟ್ಟಿದ್ರಿ ಅಂತ.”

“ಕೇಳ್ಲಿ ಗೌಡ್ರ,” ಅಂದರು ಅತ್ತೆ. “ನಾಳಿನವರು ಎಲ್ಲಾರೂ ಕೂಡಿ, ದುರಗವ್ವನ ಮೊಮ್ಮಕ್ಕಳು, ಸಾಬಣ್ಣನ ಮೊಮ್ಮಕ್ಕಳು ಕೂಡಿ, ಬಿಚ್ಚೂಣು ಅಂದ್ರ ಬಿಚ್ಚಲಿ. ಎಲ್ಲಾರ ಬಾಯಿಂದ ಕಟ್ಟಿದ್ದು ಎಲ್ಲಾರ ಬಾಯಿಂದ ಬಿಚ್ಚಲಿ. ಒಬ್ಬಾಕಿ ಕೊಡ, ಒಬ್ಬನ ಅಪ್ಪನ ಗೋರಿ, ಇವು ಎಣಿಕ್ಯಾಗ ಹೋಗಬಾರದು, ಅಷ್ಟ.”

ರುದ್ರಗೌಡರು, “ನಾ ಒಬ್ಬನ ಆಗಲಿ ಅನ್ನಾಕ ಬರಂಗಿಲ್ಲ. ಮೂಡಲದವರ ಮುಂದ ಇಡ್ತೀನಿ. ಅವರು ಕೈ ಎತ್ತಿದ್ರ ಆತು,” ಅಂದರು. ನ್ಯಾಯವಾದ ಮಾತೇ.

ಹಾಗಾಗಿ ನಾನೂ ಅತ್ತೆಯೂ ಮೂಡಲದಲ್ಲಿ ಮನೆಮನೆಗೆ ಹೋದೆವು. ಅದು ನನ್ನ ತವರಿನ ಕಡೆ. ಕೈ ಕೇಳಲು ಹೋಗುವುದು ನನಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತು ನಾಲ್ಕು ಮಾತು ಹೇಳಿ, ಮನೆಯ ಹಿರಿಯರ ಒಪ್ಪಿಗೆ ಪಡೆದು ಮುಂದಿನ ಮನೆಗೆ. ಅತ್ತೆಗೆ ಅದು ಗೊತ್ತಿರಲಿಲ್ಲ. ಅವರು ಒಳಗೆ ಹೋಗಿ ಕೂಡುತ್ತಿದ್ದರು. ಮನೆಯ ಯಜಮಾನ ಒಪ್ಪಿದರೆ ಅವನ ಹೆಂಡತಿ ಏನಂತಾಳೆ ಅಂತ ಕೇಳುತ್ತಿದ್ದರು, ಅವಳು ಒಪ್ಪಿದರೆ ಒಲೆಯ ಮುಂದಿರುವ ಅವಳ ಅತ್ತೆಯನ್ನು, ಆಮೇಲೆ ಹಿತ್ತಲಲ್ಲಿ ಹಲ್ಲುಜ್ಜುತ್ತಿರುವ ಮೈದುನನನ್ನು. ಕಟ್ಟಕಡೆಯವರು ‘ಆಗಲಿ’ ಅನ್ನುವ ತನಕ ಏಳುತ್ತಿರಲಿಲ್ಲ. “ಅತ್ತಿ, ಒಂದ ಮನ್ಯಾಗ ಹಿಂಗ ಕುಂತ್ರ ಊರು ಮುಗಿಯೂದು ಯಾವಾಗ್ರಿ?” ಅಂದರೆ, “ಹೆಂಡ್ತಿ ಒಲ್ಲೆ ಅಂದ್ರ ಗಂಡನ ಕೈ ಅಲ್ಲಿ ಮ್ಯಾಲ ಏಳೂದಿಲ್ಲವಾ,” ಅನ್ನುತ್ತಿದ್ದರು. ಅದು ನಿಜವೂ ಆಗಿತ್ತು. ಮೂಡಲದ ಎಷ್ಟೋ ಹೆಂಗಸರಿಗೆ, ಅವರ ಕೈಗೆ ಎಣಿಕೆಯಲ್ಲಿ ಜಾಗವಿದ್ದರೂ, ಏನಂತೀರಿ ಅಂತ ಮನೆಗೆ ಬಂದು ಕೇಳಿದವರು ಅತ್ತೆಯೇ ಮೊದಲು. ಒಂದು ಮನೆಯಲ್ಲಿ ನಮಗೆ ಅವಲಕ್ಕಿ ಕೊಟ್ಟರು, ಇನ್ನೊಂದರಲ್ಲಿ ಅಳುವ ಕೂಸನ್ನು ಅತ್ತೆಯ ಮಡಿಲಲ್ಲಿ ಹಾಕಿ ಮಾತು ಕೇಳಿದರು.

ನನ್ನ ಅಣ್ಣ ಶಿವಪುತ್ರ ಮಾತ್ರ ಅಲ್ಲಾಡಲಿಲ್ಲ. ನನ್ನ ತಟ್ಟೆಗೆ ಹೋಳಿಗೆ ಹಾಕುತ್ತಲೇ, “ನಿಮ್ಮ ಓಣಿಗಷ್ಟ ಬ್ಯಾರೆ ಕಾಯ್ದೆ ಯಾಕ? ಕೊಟ್ರ ನಾಳೆ ಪ್ರತಿಯೊಂದು ಓಣಿಯವರು ಬರ್ತಾರ, ನಮ್ಮದು ಇದನ್ನ ಮುಟ್ಟಬ್ಯಾಡ್ರಿ, ಅದನ್ನ ಮುಟ್ಟಬ್ಯಾಡ್ರಿ ಅಂತ,” ಅಂದ.

“ಬರ್ಲಿ,” ಅಂದರು ಅತ್ತೆ. “ನಿಮ್ಮ ಓಣ್ಯಾಗ ಏನೂ ಇಲ್ಲೇನು ಮುಟ್ಟಬಾರದ್ದು?”

ಅವನು ಹೋಳಿಗೆಯ ಪಾತ್ರೆ ಕೆಳಗಿಟ್ಟ. ಅವನ ಹೆಂಡತಿ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ಅವನನ್ನೇ ನೋಡುತ್ತಿದ್ದಳು. ಅವಳ ತವರಿನವರ ದೇವರ ಬನ ಆ ಓಣಿಯ ಕೊನೆಯಲ್ಲಿತ್ತು, ಅದರ ಮರ ಕಡಿಯಲು ಎರಡು ಸಲ ಕೈ ಎತ್ತಿಸುವ ಮಾತು ಬಂದು ನಿಂತಿತ್ತು. ಅವನು, “ನಾ ಎತ್ತಂಗಿಲ್ಲ. ಹೇಳೇನಿ,” ಅಂದ. ಅತ್ತೆ ಅವನ ಹೊಸ್ತಿಲಲ್ಲಿ ಎಷ್ಟು ಹೊತ್ತು ಕೂತರೂ ಅವನ ಬಾಯಿಂದ ಆಗಲಿ ಬರಲಿಲ್ಲ. ‘ಆಗಲಿ’ ಕೇಳದೆಯೇ ಅತ್ತೆ ಎದ್ದು ಬಂದ ಮನೆ ಅದೊಂದೇ.

ಎಣಿಕೆಯ ದಿನ ಮೂಡಲದ ಮೈದಾನದಲ್ಲಿ ನಮಗೆ ಜಾಗವಿರಲಿಲ್ಲ. ನಾವು ಇನ್ನೂ ಆಚೆ ದಂಡೆಯವರು. ದಾವಲಸಾಬಣ್ಣನ ದೋಣಿಯಲ್ಲಿ ನಿಂತು ನೋಡಿದೆವು, ದುರಗವ್ವನೂ ಇದ್ದಳು. ರುದ್ರಗೌಡರು ಮಾತು ಮುಂದಿಟ್ಟರು, ನ್ಯಾಯವಾಗಿಯೇ ಇಟ್ಟರು, ತಮಗೆ ಇಷ್ಟವಿಲ್ಲ ಅನ್ನುವುದನ್ನೂ ಹೇಳಿ ಇಟ್ಟರು. ಕೈಗಳು ಎದ್ದವು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಹೆಂಗಸರು ಕೂತ ಕಡೆ ಒಮ್ಮೆಲೇ, ಬಳೆಗಳ ಸದ್ದು ನೀರಿನ ಮೇಲೆ ನಮ್ಮ ತನಕ ಬಂತು. ಎಣಿಸಲು ಹೊರಟ ರುದ್ರಗೌಡರು ಅರ್ಧಕ್ಕೇ ಲೆಕ್ಕ ಸಾಕಾಯಿತೆಂದು ನಿಲ್ಲಿಸಿ ಕೈ ಇಳಿಸಿರಿ ಅಂದರು. ವಿರುದ್ಧ ಎಷ್ಟು ಅಂತ ಕೇಳಿದಾಗ ನಾನು ನನ್ನ ಅಣ್ಣನನ್ನು ಹುಡುಕಿದೆ. ಅವನು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ. ಅವನ ಹೆಂಡತಿ ಪಕ್ಕದಲ್ಲೇ ಇದ್ದಳು. ದುರಗವ್ವ ಬಗ್ಗಿ ಹೊಳೆಯ ನೀರಿನಿಂದ ಮುಖ ತೊಳೆದುಕೊಂಡಳು. ದಾವಲಸಾಬಣ್ಣ ಹುಟ್ಟು ಹಾಕತೊಡಗಿದರು, ದೋಣಿ ತಿರುಗಿತು.

ಮಳೆಗೆ ಮುಂಚೆಯೇ ಒಡ್ಡು ಎದ್ದಿತು. ಹೊಳೆಯನ್ನು ನಮ್ಮ ಪಡುವಣಕ್ಕೆ ತಿರುಗಿಸಿ ಕಲ್ಲು ಕಟ್ಟಿದರು. ಕೆಲಸಕ್ಕೆ ಸಂಗಯ್ಯಜ್ಜನ ಕಡೆಯವರೂ ಕರೆಯದೆ ಬಂದರು. ನಾವು ಮೂಡಲದವರಾದೆವು. ಬಾವಿಯ ಗಾಲಿ ದಿನವಿಡೀ ಕಿರುಗುಡುತ್ತಿತ್ತು. ಬೆಳಿಗ್ಗೆ ಗುರುಪಾದಪ್ಪನವರ ಸೊಸೆಯೂ ದುರಗವ್ವನ ಮಗಳೂ ಒಟ್ಟಿಗೆ ಹಗ್ಗ ಎಳೆಯುವುದನ್ನು ನಾನೇ ನೋಡಿದ್ದೇನೆ, ಹಗ್ಗ ದುರಗವ್ವನೇ ಹೊಸೆದದ್ದು. ಆ ವರ್ಷವೇ ಮೂಡಲದ ಇತರ ಓಣಿಗಳವರು ಒಬ್ಬೊಬ್ಬರಾಗಿ ಎದ್ದು ನಮ್ಮದೂ ಒಂದಿದೆ ಅನ್ನತೊಡಗಿದರು. ಮೊದಲು ಬಂದದ್ದು ದೇವರ ಬನ. ಅದನ್ನು ಮುಂದಿಟ್ಟವನು ನನ್ನ ಅಣ್ಣ. ಖಾನಾವಳಿಯಲ್ಲಿ ಸಾಲು ಮತ್ತೆ ಒಂದೇ ಆಯಿತು. ಜನ ಉಣ್ಣುತ್ತ ಮೊದಲಿನಂತೆ ಜಗಳಾಡಿದರು, ಅತ್ತೆಗೆ ಅದನ್ನು ಕೇಳುವುದೇ ಒಂದು ಸುಖ.

ನಡುವೋಣಿಯವರಾಗಿ ನಾವು ಮೂಡಲದಲ್ಲಿ ಮೊದಲು ಕೈ ಎಣಿಸಿದ್ದು ದೋಣಿ ನಿಲ್ಲುವ ಹೊಸ ಘಟ್ಟಕ್ಕೆ ಹೋಗುವ ದಾರಿಗಾಗಿ. ಒಡ್ಡಿನ ಪಕ್ಕ ಮೆಟ್ಟಿಲು ಕಟ್ಟಿದ್ದರು, ಆದರೆ ದಾರಿ ಇಕ್ಕಟ್ಟು. ದುರಸ್ತಿಗೆ ದೋಣಿಯನ್ನು ಗಾಡಿಯ ಮೇಲೆ ಹಾಕಿ ಮೇಲೆ ತರಲು ಆಗುತ್ತಿರಲಿಲ್ಲ. ಅಗಲ ಮಾಡಬೇಕೆಂದರೆ ಅಡ್ಡವಿದ್ದದ್ದು ನಮ್ಮ ಖಾನಾವಳಿಯ ಮುಂದಿನ ಕಟ್ಟೆ. ಉಂಡವರು ಕೂತು ಎಲೆ ಅಡಿಕೆ ಹಾಕುವ ಕಟ್ಟೆ. ಅತ್ತೆ ಎದ್ದು, ಕಟ್ಟೆ ಕಡಿದರೆ ಮಂದಿ ಎಲ್ಲಿ ಕೂಡಬೇಕು ಅಂತ ನಾಲ್ಕು ಮಾತು ಚೆನ್ನಾಗಿಯೇ ಆಡಿದರು. ಕೈ ಎತ್ತಿಸಿದರು. ಅತ್ತೆ ಮುಂದಿನ ಸಾಲಿನಲ್ಲಿ ಕೂತಿದ್ದರು, ಹಿಂದೆ ತಿರುಗಿ ನೋಡಲಿಲ್ಲ. ಕಟ್ಟೆ ಕಡಿಯಬೇಕು ಅಂತ ಎದ್ದ ಕೈಗಳಲ್ಲಿ ಗುರುಪಾದಪ್ಪನವರದಿತ್ತು, ದುರಗವ್ವನದಿತ್ತು. ದಾವಲಸಾಬಣ್ಣ ಸ್ವಲ್ಪ ತಡೆದು, ಕಣ್ಣು ಕೆಳಗೆ ಹಾಕಿ, ತಾವೂ ಎತ್ತಿದರು. ಅತ್ತೆ ಸೋತರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಬಂದರು, ದಾವಲಸಾಬಣ್ಣ ಬರಲಿಲ್ಲ. ಅತ್ತೆ ಬಾಗಿಲಿಗೆ ಹೋಗಿ ನೋಡಿದರು. ಅವರು ಎದುರಿನ ನೆರಳಲ್ಲಿ ನಿಂತಿದ್ದರು.

“ಅಕ್ಕಾರ,” ಅಂದರು ಅವರು ಅಲ್ಲಿಂದಲೇ, “ನೀವು ನನ್ನ ಸಲುವಾಗಿ ಮನಿಮನಿ ತಿರುಗಿದ್ರಿ. ನನಗ ಖರೇನ ದಾರಿ ಬೇಕಿತ್ರಿ. ದೋಣಿ ತಳ ಹೋಗೇತಿ.”

“ಬೇಕಿತ್ತು, ಎತ್ತಿದ್ರಿ. ಋಣಕ್ಕ ಎತ್ತದ ಸುಮ್ಮನಿದ್ದಿದ್ರ ನಾ ಬ್ಯಾಸರಾ ಮಾಡಕೊಳ್ತಿದ್ದೆ,” ಅಂದರು ಅತ್ತೆ. “ಮುಂದಿನ ವರ್ಷ ಕಟ್ಟಿ ಮಾತ ಮತ್ತ ತರ್ತೀನಿ. ಹಿಂದಕ ಸರಿಸಿ ಕಟ್ಟಸ್ರಿ ಅಂತ ಕೇಳ್ತೀನಿ.”

“ಆಗ ನಿಮ್ಮ ಕಡೆ ಎತ್ತತೀನ್ರಿ.”

“ನೋಡಿ ಎತ್ತರಿ. ಈಗ ಒಳಗ ಬರ್ರಿ, ರೊಟ್ಟಿ ಆರತಾವು.”

ಅವರು ಬಂದು ಕೂತರು. ಎಲ್ಲರೂ ಉಂಡು ಎದ್ದ ಮೇಲೆ ನಾವಿಬ್ಬರೇ ಊಟಕ್ಕೆ ಕೂತೆವು. ಅತ್ತೆ ನನ್ನ ತಟ್ಟೆಗೆ ಪಲ್ಯ ಹಾಕುತ್ತ, ಏನೋ ನೆನಪಾದವರಂತೆ, “ಕುಸುಮಾ, ನೀ ಯಾ ಕಡೆ ಎತ್ತಿದಿ?” ಅಂದರು. ಸುಳ್ಳು ಹೇಳಬಹುದಿತ್ತು. “ದಾರಿ ಕಡೆ ರೀ,” ಅಂದೆ. ಅವರು ಪಲ್ಯದ ಸೌಟು ಮೇಲೇ ಹಿಡಿದು ನನ್ನನ್ನು ನೋಡಿದರು. ಆಮೇಲೆ ಮೈ ಕುಲುಕುವಂತೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. “ಹಂಗಾದ್ರ ನಾಳೆ ಹಿಟ್ಟು ನೀ ನಾದು,” ಅಂದರು.

ಮರುದಿನ ಹಿಟ್ಟು ನಾನೇ ನಾದಿದೆ. ಬೆಳಿಗ್ಗೆ ಬೆಳಿಗ್ಗೆಯೇ ಕಟ್ಟೆಯ ಅರ್ಧ ಕಡಿದು ಕಲ್ಲು ಸರಿಸಿದರು. ಹೊತ್ತೇರುವ ಮೊದಲು ಗಾಡಿಯ ಮೇಲೆ ದೋಣಿ ಬಂತು. ದಾವಲಸಾಬಣ್ಣ ಮುಂದೆ ಎಳೆಯುತ್ತಿದ್ದರು, ನನ್ನ ಗಂಡ ಹಿಂದೆ ನೂಕುತ್ತಿದ್ದರು. ದಾರಿ ಅಗಲವಾಗಿದ್ದರೂ ತಿರುವಿನಲ್ಲಿ ದೋಣಿಯ ಮೂತಿ ನಮ್ಮ ಹಸಿರು ಗೋಡೆಯ ಕಡೆ ವಾಲಿತು. ಅತ್ತೆ ಬಡಿಯುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಹೊರಗೆ ಬಂದು, ಹಿಟ್ಟಿನ ಎರಡೂ ಕೈಗಳನ್ನು ದೋಣಿಯ ಬದಿಗೆ ಕೊಟ್ಟು, “ಎಡಕ್ಕ ತಗೋರಿ ಸಾಬಣ್ಣ, ಇನ್ನಷ್ಟು ಎಡಕ್ಕ,” ಅನ್ನುತ್ತ ಅದನ್ನು ದಾಟಿಸಿದರು.